ಹಳೆಯ ಗಣಕಕ್ಕೆ ಹೊಸ ನೆನಪು

ಕೃಷ್ಣರಾಜನಗರದಲ್ಲೂ, ಬೇರೆಲ್ಲ ತಾಲ್ಲೂಕು ಕೇಂದ್ರಗಳಲ್ಲಿರುವಂತೆಯೇ, ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳಿವೆ. ಮಿರ್ಲೆ, ಭೇರ್ಯದ ಕಡೆಯಿಂದ ಬಸ್ಸು ಹಿಡಿದು ಬಂದ ರೈತನಿಗೆ ಪಹಣಿ ಬೇಕು. ಕಾಲೇಜು ಹುಡುಗಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಬೇಕು. ಪರದೆಯ ಮೇಲೆ ಪುಟ್ಟ ಚಕ್ರ ಸುತ್ತುತ್ತಲೇ ಇರುತ್ತದೆ. “ಸರ್ವರ್ ಬಿಜಿ ಸ್ವಾಮಿ, ಊಟ ಮಾಡ್ಕೊಂಡು ಬನ್ನಿ” ಎನ್ನುತ್ತಾನೆ ಅಂಗಡಿಯವನು. ರೈತನ ಅರ್ಧ ದಿನದ ಕೆಲಸ ಹಾಳು. ಸರ್ವರ್ ನಿಜವಾಗಿಯೂ ಕೈಕೊಡುವುದುಂಟು. ಆದರೆ ಎಷ್ಟೋ ಸಲ ತಪ್ಪು ಇರುವುದು ಮೇಜಿನ ಕೆಳಗಿನ ಡಬ್ಬಿಯಲ್ಲೇ. ಅದು ತಿಳಿಯುವಷ್ಟರಲ್ಲಿ ಯಾರೋ ಒಬ್ಬರು “ಇದು ಹಳತಾಯ್ತು, ಹೊಸದು ತಗೊಳ್ಳಿ” ಎಂದು ಹತ್ತಾರು ಸಾವಿರ ರೂಪಾಯಿಯ ಲೆಕ್ಕ ಒಪ್ಪಿಸಿರುತ್ತಾರೆ.

ಗಣಕದ ಹಾರ್ಡ್ ಡಿಸ್ಕನ್ನು ಅಂಗಡಿಯ ಗೋದಾಮೆಂದೂ ರ‍್ಯಾಮ್ ಎಂಬ ತಾತ್ಕಾಲಿಕ ಸ್ಮರಣೆಯನ್ನು ಗಲ್ಲಾದ ಮುಂದಿನ ಮೇಜೆಂದೂ ಭಾವಿಸಬಹುದು. ಮೇಜು ಭರ್ತಿಯಾದರೆ ಒಂದು ಸಾಮಾನನ್ನು ಗೋದಾಮಿಗೆ ಹೊತ್ತು ಹಾಕಿ ಇನ್ನೊಂದನ್ನು ತರಬೇಕು. ತಿರುಗುವ ಡಿಸ್ಕಿನಿಂದ ಮಾಹಿತಿ ಹುಡುಕಿ ತರಲು ಸುಮಾರು ಹತ್ತು ಮಿಲಿಸೆಕೆಂಡ್ ಬೇಕು. ರ‍್ಯಾಮಿಗೆ ಅದರ ಲಕ್ಷದಲ್ಲೊಂದು ಪಾಲು ಸಾಕು. ಮೇಜಿನ ಮೇಲಿನ ಸಾಮಾನು ಎತ್ತಿಕೊಡಲು ಒಂದು ಸೆಕೆಂಡ್ ಆದರೆ ಗೋದಾಮಿನಿಂದ ತರಲು ಒಂದು ದಿನ ಮೀರಿ ಮೂರೂಮುಕ್ಕಾಲು ಗಂಟೆ ಹಿಡಿದ ಹಾಗೆ! ಗಿರಾಕಿ ಬೇಸತ್ತರೆ ಆಶ್ಚರ್ಯವೇನು?

ಈ ಮೇಜಿಗೆ ಇನ್ನೊಂದು ವಿಚಿತ್ರ ಗುಣವಿದೆ. ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್ 1966ರಲ್ಲಿ ಯೋಚಿಸಿ 1968ರಲ್ಲಿ ಪೇಟೆಂಟ್ ಪಡೆದ ವಿಧಾನವೇ ಇಂದಿಗೂ ಇದಕ್ಕೆ ತಳಹದಿ. ಒಂದು ಟ್ರಾನ್ಸಿಸ್ಟರ್, ಒಂದು ಪುಟಾಣಿ ಕೆಪಾಸಿಟರ್, ಅದರಲ್ಲಿ ಒಂದು ಬಿಟ್. ಆ ಕೆಪಾಸಿಟರ್ ತೂತು ಬಿಂದಿಗೆಯಿದ್ದಂತೆ, ವಿದ್ಯುದಂಶ ಸೋರುತ್ತಲೇ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಬಿಂದಿಗೆಗಳನ್ನೂ ಮತ್ತೆ ತುಂಬಿಸಬೇಕು. ಕರೆಂಟು ಹೋದರೆ, ಸೇವ್ ಮಾಡದ ಅರ್ಜಿಯೂ ಹೋಯಿತು.

ಕನ್ನಡದಲ್ಲಿ ಬೆರಳಚ್ಚು ಮಾಡುವುದರಿಂದ ಗಣಕ ನಿಧಾನವಾಗುತ್ತದೆಂದು ದೂರುವವರೂ ಇದ್ದಾರೆ. ಲೆಕ್ಕ ಹಾಕಿ ನೋಡೋಣ. ‘ಕೃಷ್ಣರಾಜನಗರ’ ಎಂಬ ಪದದಲ್ಲಿ ಯೂನಿಕೋಡ್ ಪ್ರಕಾರ 11 ಸಂಕೇತಗಳು. ಯುಟಿಎಫ್-8 ಕ್ರಮದಲ್ಲಿ ಒಂದಕ್ಕೆ ಮೂರರಂತೆ 33 ಬೈಟು. ನಾಲ್ಕು ಜಿಬಿ ಎಂದರೆ 4,29,49,67,296 ಬೈಟು. ಅಂದರೆ ಊರಿನ ಹೆಸರನ್ನು ಹದಿಮೂರು ಕೋಟಿಗೂ ಹೆಚ್ಚು ಸಲ ಬರೆದಿಡಬಹುದು. ಕನ್ನಡದ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಅದೇ ಎ-4 ಅಳತೆಯ ಕಾಗದವೊಂದನ್ನು ಅಂಗುಲಕ್ಕೆ 300 ಚುಕ್ಕಿಯಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಸ್ಮರಣೆಯಲ್ಲಿ ಸುಮಾರು 26 ಎಂಬಿ ತಿನ್ನುತ್ತದೆ. ಜತೆಗೆ ಬ್ರೌಸರಿನಲ್ಲಿ ಇಪ್ಪತ್ತು ಪುಟ ತೆರೆದಿಟ್ಟರೆ ಮುಗಿಯಿತು.

ದುಡ್ಡು ಬಿಚ್ಚುವ ಮೊದಲು ಪರೀಕ್ಷೆಯೊಂದಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಕೆಲಸದ ಭರಾಟೆಯಲ್ಲಿ ಮೆಮೊರಿ ಶೇಕಡಾ 90 ದಾಟಿದ್ದರೆ ರ‍್ಯಾಮ್ ಸೇರಿಸಿದ್ದು ಸಾರ್ಥಕ. ಮೆಮೊರಿ ಅರ್ಧ ಖಾಲಿಯಿದ್ದು ಡಿಸ್ಕ್ ಮಾತ್ರ ಸದಾ ನೂರು ತೋರಿಸಿದರೆ ರ‍್ಯಾಮಿಗೆ ಹಾಕಿದ ಹಣ ವ್ಯರ್ಥ. ಆಗ ಬೇಕಾದದ್ದು ಎಸ್‌ಎಸ್‌ಡಿ. ವಿಂಡೋಸ್ 32 ಬಿಟ್‌ನದಾಗಿದ್ದರೂ ತಡೆಯಬೇಕು. ಅದರ ಎಣಿಕೆ ನಾಲ್ಕು ಜಿಬಿಗೇ ನಿಲ್ಲುತ್ತದೆ, ಅದರಲ್ಲೂ ಸ್ವಲ್ಪ ಕಡಿಮೆಯೇ ಕೈಗೆ ಸಿಗುವುದು.

ಇನ್ನು ಜಾತಿ. ಡಿಡಿಆರ್-3, ಡಿಡಿಆರ್-4, ಡಿಡಿಆರ್-5 ಇವುಗಳಲ್ಲಿ ಒಂದರ ಜಾಗಕ್ಕೆ ಇನ್ನೊಂದು ಕೂರದು; ಕೆಳಅಂಚಿನ ಕಚ್ಚು ಬೇರೆಬೇರೆ ಕಡೆಯಿದೆ, ವೋಲ್ಟೇಜೂ 1.5, 1.2, 1.1 ಎಂದು ಬೇರೆ. ಮೈಸೂರಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗುವವರು ಹಳೆಯ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಒಯ್ಯುವುದು ಜಾಣತನ. ಬೆಲೆಯನ್ನು ಮಾತ್ರ ಅಂದಂದೇ ವಿಚಾರಿಸಬೇಕು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಸ್ಮರಣೆಯ ಚಿಪ್ಪುಗಳನ್ನು ಬಾಚಿಕೊಂಡದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ದರ ವಿಪರೀತ ಏರಿತು. ಎಲ್ಲೋ ಅಮೆರಿಕದ ಯಂತ್ರದ ಹಸಿವಿಗೆ ಕಾವೇರಿ ದಂಡೆಯ ಡಿಟಿಪಿ ಅಂಗಡಿ ತೆರ ಕಟ್ಟಬೇಕು!

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11ಕ್ಕೆ ಟಿಪಿಎಂ 2.0 ಹಾಗೂ ಮಾನ್ಯ ಪ್ರೊಸೆಸರ್ ಬೇಕು. ಅವು ಇಲ್ಲದ ಗಣಕಕ್ಕೆ ಎಷ್ಟು ರ‍್ಯಾಮ್ ತುರುಕಿದರೂ ಆ ಕೊರತೆ ನೀಗದು. ಲಿನಕ್ಸ್ ಹಾಕಿಕೊಂಡರೆ ಇನ್ನಷ್ಟು ಕಾಲ ದುಡಿದೀತು.

ಜೋಡಿಸುವ ಕೆಲಸ ಹತ್ತು ನಿಮಿಷದ್ದು. ಪ್ಲಗ್ಗು ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಇಳಿಸಬೇಕು. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿದರೆ ಮೈಯಲ್ಲಿನ ಸ್ಥಿರವಿದ್ಯುತ್ತು ಹರಿದುಹೋಗುತ್ತದೆ. ಮಾಗಿಯ ಒಣಹವೆಯಲ್ಲಿ ಇದನ್ನು ಮರೆಯಲೇಬಾರದು. ಪಟ್ಟಿಯನ್ನು ಅಂಚಿನಲ್ಲಿ ಮಾತ್ರ ಹಿಡಿದು, ಕಚ್ಚನ್ನು ಹೊಂದಿಸಿ, ಎರಡೂ ತುದಿಗಳನ್ನು ಕೊಂಡಿ ‘ಟಕ್’ ಎನ್ನುವವರೆಗೆ ಒತ್ತಬೇಕು. ಕೂರದಿದ್ದರೆ ಬಲಪ್ರಯೋಗ ಬೇಡ, ತಿರುಗಿಸಿ ನೋಡಬೇಕು. ಆನ್ ಮಾಡಿದಾಗ ಪರದೆ ಕಪ್ಪಾಗಿ ‘ಬೀಪ್ ಬೀಪ್’ ಎಂದರೆ ಹೆದರಬೇಕಾಗಿಲ್ಲ. ಸಾಮಾನ್ಯವಾಗಿ ಪಟ್ಟಿ ಸರಿಯಾಗಿ ಕುಳಿತಿರುವುದಿಲ್ಲ, ಇಲ್ಲವೆ ಹೊಂಬಣ್ಣದ ಹಲ್ಲುಗಳಿಗೆ ಕೊಳೆ ಹಿಡಿದಿರುತ್ತದೆ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಮತ್ತೆ ಕೂರಿಸಿದರೆ ಬಹಳಷ್ಟು ಸಲ ಪರದೆ ಬೆಳಗುತ್ತದೆ.