ಒಂಬತ್ತು ಪ್ಲೇಟು, ಒಂದು ಆಪ್ಟಿಮಮ್

ಅಲ್ಯೂಮಿನಿಯಂ ಟಿಗ್ ವೆಲ್ಡಿಂಗ್ ಮೇಲೆ ಫೈನಲ್ ಇಯರ್ ಪ್ರಾಜೆಕ್ಟ್ ನಮ್ಮಲ್ಲಿ ಹೊಸದೇನಲ್ಲ. ಕರೆಂಟ್, ಗ್ಯಾಸ್ ಫ್ಲೋ, ಸ್ಪೀಡ್ ಅಂತ ಮೂರು ಪ್ಯಾರಾಮೀಟರ್, ಒಂದೊಂದಕ್ಕೂ ಮೂರು ಲೆವೆಲ್, ಟಾಗುಚಿಯ ಎಲ್9 ಟೇಬಲ್, ಒಂಬತ್ತು ಪ್ಲೇಟು. ಕೊನೆಯ ಪುಟದಲ್ಲಿ ಒಂದು ಆಪ್ಟಿಮಮ್ ಕರೆಂಟ್. ಆ ಒಂದು ನಂಬರ್ ಬಗ್ಗೆಯೇ ನಮ್ಮ ತಕರಾರು.

6061 ಅಲಾಯ್ ಮೈಲ್ಡ್ ಸ್ಟೀಲಿಗಿಂತ ಸುಮಾರು ಮೂರು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತೆ. ಆರ್ಕ್ ಹಚ್ಚಿದಾಗ ಪ್ಲೇಟ್ ತಣ್ಣಗಿರುತ್ತೆ, ಕೊಟ್ಟ ಶಾಖ ಎಲ್ಲಾ ಓಡಿಹೋಗುತ್ತೆ. ಬೀಡ್ ಮುಗಿಯೋ ಹೊತ್ತಿಗೆ ಇಡೀ ಪ್ಲೇಟ್ ಕಾದಿರುತ್ತೆ, ಅದೇ ಕರೆಂಟಿಗೆ ತೂತು ಬೀಳಬಹುದು. ಅದಕ್ಕೇ ಕೈ ಪಳಗಿದ ವೆಲ್ಡರ್, ಪೆಡಲ್ ಇದ್ರೆ ಕರೆಂಟ್ ಇಳಿಸ್ತಾರೆ, ಇಲ್ಲದಿದ್ರೆ ಕೈ ವೇಗ ಹೆಚ್ಚಿಸ್ತಾರೆ. ಹಾಗಾದ್ರೆ ಆಪ್ಟಿಮಮ್ ಅಂದ್ರೆ ಶುರುವಿನದ್ದಾ, ಕೊನೆಯದ್ದಾ?

ಟೇಬಲ್ಲಿಗೆ ಬರದೇ ಇರೋದು ಇನ್ನೊಂದಿದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ, ಅದರ ಮೇಲಿನ ಆಕ್ಸೈಡ್ ಪೊರೆ 2000 ಡಿಗ್ರಿ ದಾಟಿದ ಮೇಲೆ. ಎಸಿ ಕರೆಂಟ್ ಬಳಸೋದೇ ಆ ಪೊರೆ ಒಡೆಯೋಕೆ, ಆದ್ರೂ ಸ್ಟೀಲ್ ಬ್ರಷ್ ತಪ್ಪಲ್ಲ. ಕುಣಿಗಲ್ ಕಡೆ ಬಿರುಕು ಬಿಟ್ಟ ಹಾಲಿನ ಕ್ಯಾನ್ ಬೆಸೆಯೋರಿದ್ರೆ ಕೇಳಿ ನೋಡಿ, ಉಜ್ಜದೆ ಟಾರ್ಚ್ ಹಿಡೀತೀರಾ ಅಂತ. ಜಿಡ್ಡು, ತೇವ ಉಳಿದ್ರೆ ಹೈಡ್ರೋಜನ್ ಸೇರಿ ವೆಲ್ಡ್ ಒಳಗೆ ಸಣ್ಣ ಸಣ್ಣ ಗುಳ್ಳೆ. ಒಂಬತ್ತರಲ್ಲಿ ನಾಲ್ಕನೇ ಪ್ಲೇಟ್ ಬೇಗ ಮುರಿದಿದ್ದು ಕರೆಂಟಿಂದಾನಾ, ಸರಿಯಾಗಿ ಉಜ್ಜದೇ ಇದ್ದಿದ್ದಕ್ಕಾ? ಎಲ್9ಗೆ ಗೊತ್ತಾಗಲ್ಲ.

ಎಷ್ಟೇ ಆಪ್ಟಿಮೈಸ್ ಮಾಡಿದ್ರೂ ದಾಟೋಕಾಗದ ಮಿತಿನೂ ಇದೆ. 6061-ಟಿ6 ಪ್ಲೇಟಿನ ಬಲ ಸುಮಾರು 310 ಮೆಗಾಪಾಸ್ಕಲ್. ವೆಲ್ಡ್ ಪಕ್ಕದ ಜಾಗ ಕಾದು ಮೆತ್ತಗಾಗುತ್ತೆ. ಮತ್ತೆ ಹೀಟ್ ಟ್ರೀಟ್‌ಮೆಂಟ್ ಮಾಡದ ಜಾಯಿಂಟಿಗೆ ಅಮೆರಿಕನ್ ವೆಲ್ಡಿಂಗ್ ಕೋಡ್ ಕೇಳೋದು 165 ಅಷ್ಟೇ.

ಇನ್ನು ಗುಬ್ಬಿ. 2023ರ ಫೆಬ್ರವರಿಯಲ್ಲಿ ಅಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತು, 615 ಎಕರೆ. ಪಕ್ಕದಲ್ಲೇ ಇದೆ ಅಂತ ಇಂಟ್ರೊಡಕ್ಷನ್‌ನಲ್ಲಿ 'ಹೆಲಿಕಾಪ್ಟರಿಗೆ ಉಪಯುಕ್ತ' ಅಂತ ಒಂದು ಸಾಲು ಹಾಕೋದು ಸುಲಭ. ಆದ್ರೆ 2024, 7075 ತರದ ಏರೋಸ್ಪೇಸ್ ಅಲಾಯ್‌ಗಳು ಆರ್ಕ್ ವೆಲ್ಡಿಂಗ್‌ಗೆ ಬಿರುಕು ಬಿಡ್ತವೆ, ಅದಕ್ಕೇ ಅವನ್ನ ಹೆಚ್ಚಾಗಿ ರಿವೆಟ್ ಹೊಡೆದು ಜೋಡಿಸ್ತಾರೆ. ಲೋಹ ಕರಗಿಸದೇ ಬೆಸೆಯೋ ಫ್ರಿಕ್ಷನ್ ಸ್ಟರ್ ವೆಲ್ಡಿಂಗ್ ಇಂಗ್ಲೆಂಡಿನಲ್ಲಿ 1991ರಲ್ಲೇ ಬಂತು. ಗುಬ್ಬಿ ಹೆಸರು ಬೇಕೇ ಬೇಕಂದ್ರೆ ಅದನ್ನಾದ್ರೂ ಓದೋಣ.

ಟಾಗುಚಿ ಬೇಡ ಅಂತಲ್ಲ. ಒಂದೊಂದು ಸೆಟ್ಟಿಂಗನ್ನೂ ಮೂರು ಸಲ ಮಾಡೋಣ, ಶುರು-ಕೊನೆಯ ಪ್ಲೇಟ್ ಟೆಂಪರೇಚರ್ ಬರೆಯೋಣ, ಉಜ್ಜಿದ ಮೇಲೆ ಎಷ್ಟು ಹೊತ್ತಿಗೆ ಬೆಸೆದ್ವಿ ಅನ್ನೋದನ್ನೂ. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾಗೆ ತುಮಕೂರು ಬಸ್‌ಸ್ಟ್ಯಾಂಡಿಂದ ದೂರ ಏನಿಲ್ಲ. ಅಲ್ಲಿ ಒಬ್ಬ ವೆಲ್ಡರ್ ಅಣ್ಣನ ಪಕ್ಕ ಅರ್ಧ ದಿನ ನಿಂತು, ಆಮೇಲೆ ಲೆವೆಲ್ ಫಿಕ್ಸ್ ಮಾಡಬಹುದಲ್ವಾ?