ತಮ್ಮ ಮಾತಿನಲ್ಲೇ ಹಾಡಿದವರು

ರಾಕ್ ಸಂಗೀತವನ್ನು ಇಂಗ್ಲಿಷಿನಲ್ಲೇ ಹಾಡಬೇಕೆ? ಜಪಾನಿ ಭಾಷೆ ಅದಕ್ಕೆ ಒಗ್ಗುತ್ತದೆಯೆ? 1970ರ ಸುಮಾರಿಗೆ ಜಪಾನಿನ ಸಂಗೀತ ಪತ್ರಿಕೆಗಳಲ್ಲಿ ಈ ಪ್ರಶ್ನೆ ದೊಡ್ಡ ಚರ್ಚೆಯನ್ನೇ ಎಬ್ಬಿಸಿತ್ತು. ಹೊರದೇಶಗಳಲ್ಲಿ ಹೆಸರು ಮಾಡಬೇಕಾದರೆ ಇಂಗ್ಲಿಷೇ ಬೇಕು, ರಾಕ್‌ನ ಲಯಕ್ಕೆ ಜಪಾನಿ ಪದಗಳು ಕೂರುವುದಿಲ್ಲ ಎಂಬುದು ಗಾಯಕ ಯೂಯಾ ಉಚಿದಾ ಅವರಂಥವರ ವಾದ.

ಆ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಇಂಗ್ಲಿಷಿನ ‘ಸ್ಟ್ರೈಕ್’ ಒಂದೇ ಪೆಟ್ಟಿಗೆ ಮುಗಿಯುವ ಪದ. ಜಪಾನೀಯರ ಬಾಯಲ್ಲಿ ಅದು ‘ಸು-ತೊ-ರಾ-ಇ-ಕು’ ಎಂದು ಐದು ತುಂಡಾಗುತ್ತದೆ. ಪ್ರತಿ ತುಂಡಿಗೂ ಹೆಚ್ಚು ಕಡಿಮೆ ಒಂದೇ ಕಾಲ. ಇದನ್ನು ರಾಕ್‌ನ ಬಿರುಸಾದ ತಾಳಕ್ಕೆ ಹೊಂದಿಸುವುದು ಹೇಗೆ?

ಈ ತೊಡಕನ್ನು ಬಿಡಿಸಲು ಹೊರಟವರು ‘ಹ್ಯಾಪಿ ಎಂಡ್’ ತಂಡದ ನಾಲ್ವರು: ಹರುವೊಮಿ ಹೊಸೊನೊ, ಎಯಿಚಿ ಓತಾಕಿ, ತಕಾಶಿ ಮಾತ್ಸುಮೊತೊ ಮತ್ತು ಶಿಗೆರು ಸುಜುಕಿ. ಎಲ್ಲರೂ ಇಪ್ಪತ್ತರ ಆಸುಪಾಸಿನವರು. ತಂಡದ ಹೆಸರು ಇಂಗ್ಲಿಷಿನದಾದರೂ ಅದನ್ನು ಬರೆದದ್ದು ಜಪಾನಿನ ಹಿರಗಾನ ಲಿಪಿಯಲ್ಲಿ! ಅಮೆರಿಕದ ‘ಬಫಲೊ ಸ್ಪ್ರಿಂಗ್‌ಫೀಲ್ಡ್’ ತಂಡದ ಸಂಗೀತವನ್ನು ಮೆಚ್ಚಿದ್ದ ಅವರು, ಮಾತನ್ನು ಮಾತ್ರ ಎರವಲು ತರಲಿಲ್ಲ.

ಹಾಡುಗಳನ್ನು ಬರೆಯುತ್ತಿದ್ದವರು ಡ್ರಮ್ಸ್ ನುಡಿಸುತ್ತಿದ್ದ ಮಾತ್ಸುಮೊತೊ. ಹಾಡುವವರು ಪದಗಳನ್ನು ಬೇಕಾದಲ್ಲಿ ಎಳೆದರು, ಬೇಕಾದಲ್ಲಿ ಒಡೆದರು. 1970ರಲ್ಲಿ ಮೊದಲ ಆಲ್ಬಮ್ ಬಂತು. 1971ರಲ್ಲಿ ಬಂದದ್ದು ‘ಕಜೆಮಾಚಿ ರೋಮನ್’. ‘ಕಜೆಮಾಚಿ’ ಎಂದರೆ ಗಾಳಿಯ ಊರು. 1964ರ ಒಲಿಂಪಿಕ್ಸ್‌ಗಾಗಿ ನಗರ ಹೊಸರೂಪ ತಾಳಿದಾಗ ಕಣ್ಮರೆಯಾದ ಹಳೆಯ ಟೋಕಿಯೊದ ನೆನಪು ಅದರಲ್ಲಿದೆ.

ಮೂರನೆಯ ಆಲ್ಬಮ್ಮನ್ನು ಲಾಸ್ ಏಂಜಲಿಸ್‌ನಲ್ಲಿ ಧ್ವನಿಮುದ್ರಿಸಿ, 1972ರ ಕೊನೆಗೆ ತಂಡ ಚದುರಿತು. ಆದರೆ ಕೆಲಸ ನಿಲ್ಲಲಿಲ್ಲ. ಹೊಸೊನೊ 1978ರಲ್ಲಿ ರ್‍ಯುಇಚಿ ಸಕಾಮೊತೊ ಮತ್ತು ಯುಕಿಹಿರೊ ತಕಾಹಾಶಿ ಅವರೊಡನೆ ‘ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾ’ ಕಟ್ಟಿ ಎಲೆಕ್ಟ್ರಾನಿಕ್ ಸಂಗೀತಕ್ಕೆ ಹೊಸ ದಾರಿ ತೋರಿದರು. ಮಾತ್ಸುಮೊತೊ ಎರಡು ಸಾವಿರಕ್ಕೂ ಹೆಚ್ಚು ಹಾಡುಗಳನ್ನು ಬರೆದರು. 2013ರಲ್ಲಿ ತೀರಿಕೊಂಡ ಓತಾಕಿ ಅವರ 1981ರ ‘ಎ ಲಾಂಗ್ ವೆಕೇಷನ್’ ಅಪಾರ ಜನಪ್ರಿಯವಾಯಿತು.

2003ರಲ್ಲಿ ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ ಎಂಬ ಅಮೆರಿಕನ್ ಚಿತ್ರ ‘ಕಜೆಮಾಚಿ ರೋಮನ್’ನ ಒಂದು ಹಾಡನ್ನು ಬಳಸಿಕೊಂಡಿತು. 2007ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಜಪಾನಿ ಆವೃತ್ತಿ, ಜಪಾನಿನ ಶ್ರೇಷ್ಠ ರಾಕ್ ಆಲ್ಬಮ್‌ಗಳ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ ಕೊಟ್ಟಿತು. ಇಂಗ್ಲಿಷಿಲ್ಲದೆ ಹಾಡು ಕಡಲು ದಾಟದು ಎಂಬ ಮಾತಿಗೆ ಮೂರು ದಶಕಗಳ ನಂತರ ಉತ್ತರ ಸಿಕ್ಕಿತ್ತು.

ಹೊರಗಿನ ವಿದ್ಯೆ ಕಲಿಯಲು ಮನೆಯ ಮಾತನ್ನು ಬಿಡಬೇಕಾಗಿಲ್ಲ. ಎರಡನ್ನೂ ಹೊಂದಿಸುವ ತಾಳ್ಮೆ ಬೇಕು, ಅಷ್ಟೆ.