ಜರಡಿಯಲ್ಲಿ ಉಳಿದ ಆರೋಗ್ಯ

ಮುಖ್ಯಾಧ್ಯಾಪಕನಾಗಿದ್ದಾಗ ಮಕ್ಕಳ ಬುತ್ತಿಯನ್ನು ನೋಡುವುದು ನನ್ನ ವಾಡಿಕೆಯಾಗಿತ್ತು. ಮೊದಮೊದಲು ಅದರಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ ಇರುತ್ತಿದ್ದವು. ವಿಜಾಪುರ, ಬಾಗಲಕೋಟೆಗಳಿಂದ ದುಡಿಮೆಗಾಗಿ ಗೋವೆಗೆ ಬಂದ ತಾಯಂದಿರು ನುಡಿಯೊಡನೆ ಆ ಅಡುಗೆಯನ್ನೂ ತಂದಿದ್ದರು. ನಾನು ನಿವೃತ್ತನಾಗುವ ಹೊತ್ತಿಗೆ ಮೈದಾ ಪಾವ್, ಬಿಸ್ಕತ್ತುಗಳು ಅದರ ಸ್ಥಾನಕ್ಕೆ ಬಂದಿದ್ದವು.

ನಾನೂ ಇದಕ್ಕೆ ಹೊರತಲ್ಲ. ಮನೆಯಲ್ಲಿ ಗೋಧಿಹಿಟ್ಟನ್ನು ಜರಡಿ ಹಿಡಿಸಿ ತೌಡನ್ನು ಚೆಲ್ಲಿಸುತ್ತಿದ್ದೆ. ಅರವತ್ತರ ಮೇಲೆ ಮಲಬದ್ಧತೆ ಕಾಡಿದಾಗ ವೈದ್ಯರು ಇಸಬಗೋಲು ಬರೆದುಕೊಟ್ಟರು. ಮನೆಯ ಹೊಟ್ಟನ್ನು ಚೆಲ್ಲಿ ಅಂಗಡಿಯ ಹೊಟ್ಟನ್ನು ಹಣ ಕೊಟ್ಟು ತಂದೆನಲ್ಲ ಎಂದು ನಾಚಿದೆ!

ನಾರು ಸಣ್ಣ ಕರುಳಿನಲ್ಲಿ ಜೀರ್ಣವಾಗದು. ಅದೇ ಅದರ ಗುಣ. ತೌಡು ನೀರನ್ನು ಹಿಡಿದಿಟ್ಟು ಮಲವನ್ನು ಮೃದುಗೊಳಿಸುತ್ತದೆ. ಕಾಳು, ತರಕಾರಿಗಳ ನಾರಿನ ಒಂದಂಶವನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸಿ ಕರುಳಿನ ಒಳಪದರಕ್ಕೆ ಪೋಷಣೆ ಒದಗಿಸುತ್ತವೆ. ಉಗಾಂಡದಲ್ಲಿ ಸೇವೆ ಸಲ್ಲಿಸಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1970ರ ದಶಕದಲ್ಲಿ ನಾರಿನ ಮಹತ್ವವನ್ನು ಲೋಕಕ್ಕೆ ಸಾರಿದರು. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿದೆ.

ಅದಕ್ಕಾಗಿ ದೂರ ಹೋಗಬೇಕಿಲ್ಲ. ನಮ್ಮ ರೊಟ್ಟಿಯಿದೆ, ಗೋವೆಯ ಕೆಂಪು ಉಕಡೆ ಅಕ್ಕಿಯಿದೆ, ತೌಡು ಹಾಕಿ ಸುಡುವ ಪೊಯಿ ಇದೆ. ಆದರೆ ನಾರನ್ನು ಒಮ್ಮೆಲೇ ಹೆಚ್ಚಿಸದೆ, ಸಾಕಷ್ಟು ನೀರು ಕುಡಿಯುತ್ತ ಕ್ರಮೇಣ ರೂಢಿಸಬೇಕು. ಮಲದಲ್ಲಿ ರಕ್ತ ಕಂಡರೆ ತೌಡನ್ನೇ ನಂಬಿ ಕೂರದೆ ವೈದ್ಯರನ್ನು ಕಾಣಬೇಕು.

ಐವತ್ತು ವರ್ಷ ಈ ಶಾಲೆ ನಮ್ಮ ನುಡಿಯನ್ನು ಉಳಿಸಿತು. ಹಳೆಯ ವಿದ್ಯಾರ್ಥಿಗಳೇ, ತಾಯಂದಿರೇ, ಮಕ್ಕಳ ಬುತ್ತಿಯಲ್ಲಿ ರೊಟ್ಟಿಯನ್ನು ನೀವು ಉಳಿಸಿರಿ ಎಂಬುದೇ ಈ ಮುದಿ ಮಾಸ್ತರನ ವಿನಂತಿ.